ಬೀರದಿನ್ನಿಯಲ್ಲಿ ಗಾಡಿ ನಿಲ್ಲುವ ಬಗ್ಗೆ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಹೊಸ ಸಂಸದೆಯ ಕಚೇರಿ ಇದೆ. ಬಾಡಿಗೆ ಮನೆ, ಮುಂದೊಂದು ಬೇವಿನ ಗಿಡ, ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಕಾಣುವವಳು ನರ್ಗೀಸ. ಕಚೇರಿ ಶುರುವಾದ ದಿನ ಅವಳ ಮೇಜನ್ನು ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಹಾಕಿದ್ದರು. ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೇಜನ್ನು ದರದರ ಎಳೆದು ತಂದು ಬಾಗಿಲಿನ ಎದುರಿಗೆ ಹಾಕಿಕೊಂಡು ಕುಳಿತಳು. ತಂದವರ ಮುಖ ನೋಡದೆ ಅರ್ಜಿ ಓದಲು ತನಗೆ ಬರುವುದಿಲ್ಲ ಎಂದಳು. ಅಂದಿನಿಂದ ಮೇಜು ಅಲ್ಲೇ ಇದೆ.

ಸಂಸದೆಯ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ. ಅವರು ಬರೆದುಕೊಳ್ಳಲಿ. ನಾನು ಬರೆಯುವುದು ಈ ಮೇಜಿನವಳ ಬಗ್ಗೆ.

ನರ್ಗೀಸಳ ಅಪ್ಪ ಅಹ್ಮದಸಾಬ ಇಳಕಲ್ಲಿನವನು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹುನಗುಂದಕ್ಕೆ ಬಂದು ಕೋರ್ಟಿನ ಎದುರು ಒಂದು ಮುರುಕು ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದ. ಹೊಳೆಯ ಹಿನ್ನೀರು ಬಂದು ಊರೂರೇ ಎದ್ದು ಹೋದ ವರ್ಷಗಳಲ್ಲಿ ನಾವು ಮುಳುಗಡೆಯವರು ಎಷ್ಟು ಕೂಗಿದೆವೋ ಅಷ್ಟನ್ನೂ ಕಾಗದಕ್ಕೆ ಇಳಿಸಿದವನು ಅವನೇ. ಒಮ್ಮೆ ತಹಶೀಲ್ದಾರರ ಕಚೇರಿ ಮುಂದೆ ಧರಣಿ ಕೂತಾಗ, ಎರಡು ಸಾವಿರ ಜನ ಸೇರಿದ್ದೇವೆ ಎಂದು ಬರಿ ಅಂತ ನಾನು ಹೇಳಿದೆ. ಅಹ್ಮದಸಾಬ ಪೆನ್ನು ಕೆಳಗಿಟ್ಟು ಎದ್ದು ಹೋದ. ಪೆಂಡಾಲಿಗೆ ಒಂದು ಸುತ್ತು ಹಾಕಿ ಬಂದು ನಾಲ್ಕು ನೂರಾ ಹನ್ನೆರಡು ಎಂದು ಬರೆದ. ನಾನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ಎತ್ತಲಿಲ್ಲ.

"ನಾಲ್ಕನೂರಾ ಹನ್ನೆರಡ ಮಂದಿ ಬಿಸಲಾಗ ಕುಂತಾರ. ಅದೇನ ಸಣ್ಣ ಮಾತೇನಲೇ?" ಅಂದ.

ಅವನದೊಂದು ಪದ್ಧತಿ ಇತ್ತು. ಅರ್ಜಿ ಬರೆದು ಮುಗಿಸಿದ ಮೇಲೆ ಬರೆಸಿದವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕಚೇರಿಯ ಕನ್ನಡದಲ್ಲಿ ಬರೆದದ್ದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದ. ಕೇಳಿದವನು ಅದು ನಿಜವೆಂದು ತನ್ನ ಬಾಯಿಂದ "ಖರೆ" ಅನ್ನಬೇಕು. ಹೂಂ ಅಂದರೆ ನಡೆಯುತ್ತಿರಲಿಲ್ಲ, ತಲೆ ಆಡಿಸಿದರೂ ನಡೆಯುತ್ತಿರಲಿಲ್ಲ. ಖರೆ ಅಂದಮೇಲೇ ಹೆಬ್ಬೆಟ್ಟಿಗೆ ಮಸಿ. ಎಷ್ಟೋ ಜನ ಅರ್ಧ ಕೇಳಿ, ಹಂಗಲ್ಲರೀ ಸಾಹೇಬ್ರ ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಅಹ್ಮದಸಾಬ ಹಾಳೆ ಹರಿದು ಹೊಸದು ತೆಗೆಯುತ್ತಿದ್ದ. ಸಾಲಿನಲ್ಲಿ ನಿಂತವರು ಶಾಪ ಹಾಕುತ್ತಿದ್ದರು. ಆದರೆ ಅವನ ಕೈಯ ಅರ್ಜಿ ತಿರಸ್ಕಾರವಾಗಿ ವಾಪಸು ಬಂದದ್ದು ಕಡಿಮೆ.

ಅವ್ವ ರಂಜಾನಬಿ ಇಳಕಲ್ಲಿನ ಮನೆಯಲ್ಲಿ ಕೂತು ಕೊಂಡಿ ಹಾಕುತ್ತಿದ್ದಳು. ಇಳಕಲ್ಲ ಸೀರೆಯ ಒಡಲು ಬೇರೆ ಎಳೆ, ಸೆರಗು ಬೇರೆ ಎಳೆ. ಒಂದೊಂದು ಎಳೆಯನ್ನೂ ಇನ್ನೊಂದಕ್ಕೆ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಕಣ್ಣು ಹೋಗುವ ಕೆಲಸ. ರಂಜಾನಬಿಗೆ ಈಗ ಎಪ್ಪತ್ತು ದಾಟಿದೆ, ದಾರ ಕಾಣುವುದಿಲ್ಲ, ಬೆರಳಿನಿಂದಲೇ ತಪ್ಪು ಹಿಡಿಯುತ್ತಾಳೆ.

ನರ್ಗೀಸ ಪಿಯುಸಿ ಮುಗಿಸಿ ಟೈಪಿಂಗ್ ಕಲಿತಳು. ಕಮತಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಅಫ್ಸರನನ್ನು ಮದುವೆಯಾದಳು. ಅಪ್ಪ ತೀರಿಕೊಂಡ ಮೇಲೆ ಕೋರ್ಟಿನ ಎದುರಿನ ಜಾಗ ಬಿಡಲಿಲ್ಲ. ಮುರುಕು ಮೇಜಿನ ಬದಲು ಒಂದು ಡಬ್ಬಿಯಂಗಡಿ, ಒಂದು ಕಂಪ್ಯೂಟರ್, ಒಂದು ಝರಾಕ್ಸ್ ಮಷೀನು ಬಂದವು. ಖರೆ ಅನ್ನಿಸುವ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ಹನ್ನೊಂದು ವರ್ಷ ಕಮತಗಿಯಿಂದ ಹುನಗುಂದಕ್ಕೆ ಓಡಾಡಿದಳು.

ಸಂಸದೆ ಅನುರಾಧಾ ಮೇಡಂ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು. ಚುನಾವಣೆಗೆ ನಿಂತದ್ದು ಅದೇ ಮೊದಲು. ಪ್ರಚಾರಕ್ಕೆ ಹುನಗುಂದಕ್ಕೆ ಬಂದಾಗ ಕೋರ್ಟಿನ ಎದುರು ಕೈ ಮುಗಿಯುತ್ತ ಈ ಡಬ್ಬಿಯಂಗಡಿಯ ಮುಂದೆಯೂ ನಿಂತರು. ನರ್ಗೀಸ ನಮಸ್ಕಾರ ಮಾಡಿ, ಸಂಸದೆಯಾದರೆ ನಿಮ್ಮ ಕೈಯಲ್ಲಿ ಯಾವ ಯಾವ ಕೆಲಸ ಇರುತ್ತವೆ ಎಂದು ಕೇಳಿದಳು. ಮೇಡಂ ರೈಲು, ಹೆದ್ದಾರಿ, ಅಂಚೆ ಎಂದು ಹೇಳಿ ಮುಂದಿನದಕ್ಕೆ ತಡವರಿಸಿದರು. ಉಳಿದದ್ದನ್ನು ನರ್ಗೀಸ ಹೇಳಿದಳು. ಹಿಂದೆ ನಿಂತಿದ್ದ ಕಾರ್ಯಕರ್ತರ ಮುಖ ಗಂಟಾಯಿತು. ಮೇಡಂ ಮಾತ್ರ ಅವಳ ಹೆಸರು ಕೇಳಿ ಬರೆದುಕೊಂಡರು. ಗೆದ್ದ ಮರುವಾರವೇ ಫೋನು ಮಾಡಿ ತಮ್ಮ ಕಚೇರಿಯ ಕೆಲಸಕ್ಕೆ ಕರೆದರು.

ನಾನು ಅವಳಿಗೆ ಹೋಗಬೇಡ ಎಂದೆ. ಅಧಿಕಾರದ ಬಾಗಿಲೊಳಗೆ ಹೋದ ನಮ್ಮವರು ಹೊರಗೆ ಬಂದಾಗ ನಮ್ಮ ಗುರುತು ಹಿಡಿಯದೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನೇ ಹೇಳಿದೆ. ಅವಳು ಕೇಳಿಸಿಕೊಂಡಳು.

"ಕಾಕಾ, ನೀವು ನಲವತ್ತ ವರ್ಷ ಗೇಟಿನ ಹೊರಗ ನಿಂತು ಮನವಿ ಕೊಟ್ಟೀರಿ. ಒಳಗ ಅದನ್ನ ಯಾರರ ಓದಬೇಕಲ್ರಿ?" ಅಂದಳು.

ಮರುದಿನದಿಂದ ಕಮತಗಿಯಲ್ಲಿ ಅವಳು ಬಸ್ಸು ಹತ್ತುವ ದಿಕ್ಕು ಹುನಗುಂದದಿಂದ ಬಾಗಲಕೋಟೆಗೆ ಬದಲಾಯಿತು.

ಮೊದಲ ತಿಂಗಳು ಹಾರ, ಶಾಲು, ಪೇಟ. ಮೇಡಂ ದಿಲ್ಲಿಗೆ ಹೋಗಿ ಪ್ರಮಾಣವಚನ ತೆಗೆದುಕೊಂಡು ಬಂದರು. ಅಲ್ಲಿ ಅಧಿವೇಶನ, ಇಲ್ಲಿ ಮದುವೆ ಮುಂಜಿ ಸನ್ಮಾನ. ಕಚೇರಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಸಂಸದೆಗೆ ಸಂಬಂಧವೇ ಇಲ್ಲದ ಕೆಲಸ ಹೊತ್ತು ಬರುತ್ತಿದ್ದರು. ಗಟಾರು ತುಂಬಿದೆ, ರೇಶನ್ ಕಾರ್ಡು ಬಂದಿಲ್ಲ, ಮಾಸ್ತರನ ವರ್ಗಾವಣೆ ಆಗಬೇಕು. ಮೇಡಂ ಹೊಸಬರು, ಎಲ್ಲದಕ್ಕೂ ಮಾಡೋಣ ಅನ್ನುತ್ತಿದ್ದರು. ನರ್ಗೀಸ ಒಂದು ಹಾಳೆಯಲ್ಲಿ ಈ ಕಚೇರಿಯಲ್ಲಿ ಆಗುವ ಕೆಲಸ ಯಾವುವು, ಆಗದ ಕೆಲಸಕ್ಕೆ ಯಾವ ಕಚೇರಿಯ ಯಾವ ಮೇಜಿಗೆ ಹೋಗಬೇಕು ಎಂದು ಬರೆದು ಗೋಡೆಗೆ ಅಂಟಿಸಿದಳು. ಕಾರ್ಯಕರ್ತರು ಅದನ್ನು ಎರಡು ಸಲ ಕಿತ್ತು ಹಾಕಿದರು. ಮೂರನೆಯ ಸಲ ಮೇಡಂ ತಾವೇ ನಿಂತು ಅಂಟಿಸಿದರು. ಆಗ ಈ ಹೆಂಗಸಿನ ಬಗ್ಗೆ ನನಗೆ ಸ್ವಲ್ಪ ನಂಬಿಕೆ ಬಂತು. ಸ್ವಲ್ಪ ಅಷ್ಟೆ.

ಜುಲೈಯಲ್ಲಿ ಬಾದಾಮಿಯಲ್ಲಿ ಮೊದಲ ಜನಸಂಪರ್ಕ ಸಭೆ ನಡೆಯಿತು. ಕಲ್ಯಾಣಮಂಟಪದ ತುಂಬ ಮುನ್ನೂರಕ್ಕೂ ಹೆಚ್ಚು ಜನ. ಬಂದ ಮನವಿಗಳನ್ನು ಅಲ್ಲೇ ಕಂಪ್ಯೂಟರಿಗೆ ಹಾಕಬೇಕು, ದಿಲ್ಲಿ ಕಚೇರಿಯಲ್ಲಿ ವಿದ್ಯಾ ಎಂಬ ಸಹಾಯಕಿ ಅವನ್ನು ಅದೇ ದಿನ ನೋಡಬೇಕು, ಆಯಾ ಇಲಾಖೆಗೆ ಪತ್ರ ಹೋಗಬೇಕು ಎಂಬ ಹೊಸ ಏರ್ಪಾಡು ಆಗಿತ್ತು. ಕಂಪ್ಯೂಟರಿನಲ್ಲಿ ಮೂರು ಖಾನೆ: ಇಲಾಖೆ, ಊರು, ವಿಷಯ. ವಿಷಯದ ಖಾನೆಯಲ್ಲಿ ಒಂದು ಗೆರೆಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ.

ಬೀರದಿನ್ನಿಯ ಗುರಪ್ಪ ಬಂದದ್ದು ಮಧ್ಯಾಹ್ನ. ಬೀರದಿನ್ನಿ ಬಾದಾಮಿ ತಾಲೂಕಿನ ಸಣ್ಣ ಊರು, ರೈಲು ಹಳಿಗೆ ಅಂಟಿಕೊಂಡೇ ಇದೆ. ಮನೆಗಳು ಹಳಿಯ ಈ ಕಡೆ, ಹೊಲ ಮತ್ತು ಕುರಿ ಮೇಯುವ ಗುಡ್ಡ ಆ ಕಡೆ. ಮೊದಲು ಅಲ್ಲೊಂದು ಗೇಟು ಇತ್ತು. ಎರಡನೆಯ ಹಳಿ ಹಾಕುವಾಗ ಗೇಟು ಮುಚ್ಚಿ ಹಳಿಯ ಕೆಳಗೆ ಅಂಡರ್‌ಪಾಸ್ ಕೊರೆದರು. ಕೊರೆದ ಗುತ್ತಿಗೆದಾರ ಯಾರೋ, ನೀರು ಹೋಗಲು ದಾರಿ ಇಡಲಿಲ್ಲ. ಒಂದು ಮಳೆಗೆ ಸೊಂಟಮಟ್ಟ ನೀರು. ಗುರಪ್ಪನಿಗೆ ಇನ್ನೂರು ಕುರಿಗಳಿವೆ. ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಳ್ಳದೆ ಹೊರಗೆ ಕಾಲಿಡದ ಮನುಷ್ಯ, ಮಾತು ಕಡಿಮೆ. ಕಾಗದ ಬರೆಸಿಕೊಂಡು ಬಂದಿರಲಿಲ್ಲ, ಬಾಯಿಂದಲೇ ಹೇಳಿದ.

"ಬೀರದಿನ್ನಿ ರೇಲ್ವೆ ಹಳಿ ಹತ್ರ ಗಾಡಿ ನಿಂದ್ರತಾವ್ರಿ ಅಕ್ಕಾರ. ಅದಕ್ಕೊಂದ ದಾರಿ ಮಾಡ್ರಿ."

ಹಿಂದೆ ನೂರು ಜನ ನೂಕುತ್ತಿದ್ದರು. ನರ್ಗೀಸ ಟೈಪ್ ಮಾಡಿದಳು. ಇಲಾಖೆ: ರೈಲ್ವೆ. ಊರು: ಬೀರದಿನ್ನಿ. ವಿಷಯ: ಗಾಡಿ ನಿಲ್ಲುವ ಬಗ್ಗೆ. ಗುರಪ್ಪನಿಗೆ ಓದಿ ಹೇಳಲಿಲ್ಲ. ಖರೆ ಅನ್ನಿಸಲಿಲ್ಲ. ಅಷ್ಟು ವರ್ಷದಲ್ಲಿ ಅವಳು ಪದ್ಧತಿ ಬಿಟ್ಟದ್ದು ಅದೊಂದು ದಿನ.

ದಿಲ್ಲಿಯ ವಿದ್ಯಾ ಮೈಸೂರು ಕಡೆಯ ಹುಡುಗಿ, ಚುರುಕು. ರೈಲ್ವೆ, ಊರು, ಗಾಡಿ ನಿಲ್ಲುವುದು. ಇನ್ನೇನು ಅರ್ಥ ಮಾಡಿಕೊಂಡಾಳು? ಬೀರದಿನ್ನಿಯಲ್ಲಿ ರೈಲು ನಿಲ್ಲಿಸಬೇಕೆಂದು ಜನ ಬಹುಕಾಲದಿಂದ ಕೇಳುತ್ತಿದ್ದಾರೆ ಎಂದು ಎರಡು ಪುಟದ ಪತ್ರ ತಯಾರಿಸಿದಳು. ಮೇಡಂ ಸಹಿ ಹಾಕಿದರು. ಪತ್ರಿಕೆಗೂ ಸುದ್ದಿ ಹೋಯಿತು: ಬೀರದಿನ್ನಿಗೆ ರೈಲು ನಿಲುಗಡೆ, ಸಂಸದೆ ಒತ್ತಾಯ. ಸೆಪ್ಟೆಂಬರಿನಲ್ಲಿ ಉತ್ತರ ಬಂತು. ಸದರಿ ಸ್ಥಳದಲ್ಲಿ ರೈಲು ನಿಲ್ಲಿಸುವುದು ಸಾಧ್ಯವಿಲ್ಲ, ಪ್ರಕರಣ ಮುಕ್ತಾಯಗೊಳಿಸಲಾಗಿದೆ. ಆಗದಿದ್ದರೂ ಉತ್ತರ ಬಂತಲ್ಲ ಎಂದು ಕಚೇರಿಯವರು ಖುಷಿಪಟ್ಟರು. ಸಂಸದೆಯ ಮೊದಲ ನೂರು ದಿನಗಳ ಪುಸ್ತಿಕೆಯಲ್ಲಿ ಬೀರದಿನ್ನಿಯ ನಿಲುಗಡೆಗಾಗಿ ನಡೆಸಿದ ಹೋರಾಟ ಎಂದು ಅರ್ಧ ಪುಟ ಹಾಕಿಸಿದರು. ಹೋರಾಟ ಎಂಬ ಮಾತು ಇಷ್ಟು ಅಗ್ಗವಾದದ್ದು ನನಗೆ ಗೊತ್ತಿರಲಿಲ್ಲ.

ಆ ಪುಸ್ತಿಕೆಯ ಕರಡು ಮೇಜಿನ ಮೇಲೆ ಇದ್ದ ದಿನವೇ ಗುರಪ್ಪ ಮತ್ತು ಅವನ ಹೆಂಡತಿ ರೇಣವ್ವ ವಿದ್ಯಾಗಿರಿಗೆ ಬಂದರು. ನಾನೂ ಅಲ್ಲೇ ಕೂತಿದ್ದೆ. ಗುರಪ್ಪನ ಕೈಯಲ್ಲಿ ಹಳೆಯ ಪತ್ರಿಕೆ. ಸುದ್ದಿ ಬಂದಾಗಿನಿಂದ ಊರಲ್ಲಿ ಅವನನ್ನು ಸ್ಟೇಶನ್ ಮಾಸ್ತರ ಅನ್ನುತ್ತಿದ್ದರಂತೆ. ಕುರಿ ಹೊಡೆದುಕೊಂಡು ಹೋಗುವಾಗ ಕಟ್ಟೆಯ ಮೇಲೆ ಕೂತವರು, ಮಾಸ್ತರ, ಮುಂದಿನ ಗಾಡಿ ಎಷ್ಟಕ್ಕ ಎಂದು ಕೇಳುತ್ತಿದ್ದರಂತೆ. ಇಷ್ಟನ್ನೂ ಹೇಳಿದವಳು ರೇಣವ್ವ. ಗುರಪ್ಪ ಪತ್ರಿಕೆಯನ್ನು ನರ್ಗೀಸಳ ಮುಂದೆ ಇಟ್ಟ.

"ನಮಗ ರೇಲ್ವೆ ಗಾಡಿ ಬ್ಯಾಡ್ರಿ. ಅದು ನಿಂದ್ರಲಾರದ ಹೋಗೂದ ಛಲೋ. ನೀರಾಗ ನಮ್ಮ ಗಾಡಿ ನಿಂತಾವ್ರಿ. ಟ್ರ್ಯಾಕ್ಟರ್, ಟಂಟಂ, ಎಲ್ಲಾ."

"ಚಕ್ಕಡಿ ಅಂದಿದ್ದರ ಎತ್ತಿನ ಗಾಡಿ ಅಂತ ತಿಳೀತಿತ್ತು," ಅಂದಳು ರೇಣವ್ವ. "ಪ್ಯಾಟಿ ಮಂದಿ ಮುಂದ ಹೋಗಿ ಗಾಡಿ ಅಂದ, ದೊಡ್ಡ ಮನಶ್ಯಾ."

ನಗುವ ಮಾತು ಅಷ್ಟಕ್ಕೇ ಮುಗಿಯಿತು. ಕುರಿ ನಿಂತ ನೀರಿಗೆ ಇಳಿಯುವುದಿಲ್ಲ. ಬಡಿದರೂ ಇಳಿಯುವುದಿಲ್ಲ. ಹಾಗಾಗಿ ಗುರಪ್ಪ ದಿನಾ ಎರಡು ಹೊತ್ತು ಇನ್ನೂರು ಕುರಿಗಳನ್ನು ಹಳಿಯ ಮೇಲಿಂದಲೇ ದಾಟಿಸುತ್ತಿದ್ದ. ಹಿಂದಿನ ವಾರ ಗೂಡ್ಸ್ ಗಾಡಿ ಬಂದು ಎಂಟು ಕುರಿ ಸತ್ತಿದ್ದವು. ಅವುಗಳನ್ನು ಎಳೆಯಲು ಓಡಿದ ರೇಣವ್ವ ಇನ್ನೊಂದು ಹಳಿಯ ಮೇಲೆ ಬಂದ ಗಾಡಿಯನ್ನು ನೋಡಿರಲಿಲ್ಲ. ಗುರಪ್ಪ ಸೀರೆ ಹಿಡಿದು ಜಗ್ಗಿದ್ದಕ್ಕೆ ಉಳಿದಿದ್ದಳು. ಅವಳ ಮೊಣಕೈಯ ಗಾಯ ಇನ್ನೂ ಹಸಿ ಇತ್ತು. ಶಾಲೆಯ ಮಕ್ಕಳೂ ಅದೇ ಹಳಿ ದಾಟುತ್ತಿದ್ದರು. ಮುಂದೆ ಅಕ್ಟೋಬರಿನ ಮಳೆ ಬಾಕಿ ಇತ್ತು.

ನರ್ಗೀಸ ಕಂಪ್ಯೂಟರ್ ತೆರೆದು ಜುಲೈಯ ಆ ಗೆರೆಯನ್ನು ಹುಡುಕಿದಳು. ಗಾಡಿ ನಿಲ್ಲುವ ಬಗ್ಗೆ. ಹಾಕಿದವರ ಹೆಸರಿನ ಜಾಗದಲ್ಲಿ ಅವಳದೇ ಹೆಸರು. ಪರದೆಯನ್ನು ಅವರಿಬ್ಬರ ಕಡೆ ತಿರುಗಿಸಿ, ಇದನ್ನು ಬರೆದವಳು ನಾನೇ, ನಿಮಗೆ ಓದಿ ಹೇಳಲಿಲ್ಲ ಎಂದಳು. ಗುರಪ್ಪನಿಗೆ ಓದಲು ಬರುವುದಿಲ್ಲ. ಆದರೂ ಪರದೆಯನ್ನು ನೋಡಿದ.

ಮರುದಿನ ಭಾನುವಾರ ಅವಳು ಇಳಕಲ್ಲಿಗೆ ಅವ್ವನ ಹತ್ತಿರ ಹೋದಳು. ನಡೆದದ್ದನ್ನೆಲ್ಲ ಹೇಳಿ, ಈಗ ಹೊಸದೊಂದು ಪತ್ರ ಹಾಕಿದರೆ ಆದೀತೇನೋ ಎಂದಳಂತೆ. ರಂಜಾನಬಿ ಇದ್ದ ಕಡೆಯಿಂದಲೇ ಹೇಳಿದಳಂತೆ:

"ಕೊಂಡಿ ತಪ್ಪಿದರ ಮ್ಯಾಲ ಇನ್ನೊಂದ ಹಾಕಿದರ ನಿಂದ್ರೂದಿಲ್ಲ. ತಪ್ಪಿದ್ದ ಎಳಿ ತನಕ ಬಿಚ್ಚು."

ಮೇಡಂ ದಿಲ್ಲಿಯಿಂದ ಬಂದದ್ದು ಬುಧವಾರ. ನರ್ಗೀಸ ಎದುರು ಕೂತು ವಿಷಯ ಹೇಳಿದಳು, ತನ್ನ ಹೆಸರು ಮುಚ್ಚಲಿಲ್ಲ. ಮೇಡಂ ಕೇಳಿ ತಲೆ ಹಿಡಿದುಕೊಂಡರು. ಬೈಯಲಿಲ್ಲ. ಅಂಡರ್‌ಪಾಸಿನ ನೀರಿನ ಬಗ್ಗೆ ಇವತ್ತೇ ಬೇರೆ ಪತ್ರ ಮಾಡು, ನಿಲುಗಡೆಯ ಮಾತು ಅಲ್ಲಿಗೇ ಬಿಡು ಎಂದರು. ಹಾಗೆ ಮಾಡಿದರೆ ನಡೆಯುವುದಿಲ್ಲ ಎಂದು ನರ್ಗೀಸ ಹೇಳಿದಳು. ಅದೇ ಊರು, ಅದೇ ಹಳಿ, ಅದೇ ಸಂಸದೆ. ಮೂರು ತಿಂಗಳಲ್ಲಿ ಎರಡು ಪತ್ರ, ಒಂದರಲ್ಲಿ ರೈಲು ನಿಲ್ಲಿಸಿ, ಇನ್ನೊಂದರಲ್ಲಿ ನೀರು ತೆಗೆಯಿರಿ. ರೈಲ್ವೆಯವರು ಹಳೆಯ ಕಡತಕ್ಕೆ ಪೋಣಿಸಿ, ಈಗಾಗಲೇ ಉತ್ತರಿಸಲಾಗಿದೆ ಎಂದು ಒಂದು ಸಾಲು ಬರೆದು ಕಳಿಸುತ್ತಾರೆ. ಅಂಥ ಉತ್ತರಗಳನ್ನು ಅವಳು ಹುನಗುಂದದಲ್ಲಿ ಗೋಣಿಚೀಲ ತುಂಬುವಷ್ಟು ನೋಡಿದ್ದಳು. ಮೊದಲ ಪತ್ರ ತಪ್ಪು, ಅದನ್ನು ವಾಪಸು ತೆಗೆದುಕೊಂಡಿದ್ದೇನೆ ಎಂದು ಬರೆದುಕೊಟ್ಟರೆ ಮಾತ್ರ ಮುಚ್ಚಿದ ಕಡತ ತೆರೆಯುತ್ತದೆ ಎಂದಳು.

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ನೂರು ದಿನದಲ್ಲೇ ಸಂಸದೆ ತಪ್ಪು ಒಪ್ಪಿಕೊಂಡ ಕಾಗದ ಹೊರಗೆ ಬಿದ್ದರೆ ಏನಾದೀತು ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಎದುರಾಳಿಗಳು ಊರೂರಿಗೆ ಅಂಟಿಸುತ್ತಾರೆ. ತಮ್ಮದೇ ಪಕ್ಷದವರು ಒಳಗೊಳಗೆ ನಗುತ್ತಾರೆ. ಮೊದಲೇ ಹೆಣ್ಣುಮಗಳು, ಮೊದಲೇ ಹೊಸಬಳು ಅಂತ ಅನ್ನಲು ಕಾಯುತ್ತಿರುವವರು ಇದ್ದಾರೆ.

"ತಪ್ಪು ಅಂತ ಬ್ಯಾಡ ನರ್ಗೀಸ. ಸ್ಪಷ್ಟೀಕರಣ ಅಂತ ಬರಿ. ಅಷ್ಟ ಮಾಡೂಣು," ಅಂದರು.

ವಿದ್ಯಾ ದಿಲ್ಲಿಯಿಂದ ಅರ್ಧ ತಾಸಿನಲ್ಲಿ ಸ್ಪಷ್ಟೀಕರಣ ಕಳಿಸಿದಳು. ಮೇಡಂ ಪೆನ್ನು ತೆಗೆದರು. ನರ್ಗೀಸ ಪತ್ರದ ಮೇಲೆ ಕೈ ಇಟ್ಟಳು. ಗುರಪ್ಪ ರೇಣವ್ವರಿಗೆ ಓದಿ ಹೇಳಿ ಖರೆ ಅನ್ನಿಸುವ ತನಕ ಇದಕ್ಕೆ ಸಹಿ ಬೇಡ ಎಂದಳು. ಒಂದು ಸಲ ಅದನ್ನು ಬಿಟ್ಟದ್ದಕ್ಕೇ ಇಷ್ಟಾಯಿತು ಎಂದಳು. ಕಾರ್ಯಕರ್ತನೊಬ್ಬ, ಈಕೆ ಯಾರು ಸಂಸದರ ಕೈ ಹಿಡಿಯಲು ಎಂದು ಗೊಣಗಿದ. ಮೇಡಂ ಅವನ ಕಡೆ ನೋಡಲಿಲ್ಲ. ಅವರಿಬ್ಬರನ್ನು ಇಲ್ಲಿಗೇ ಕರೆಸು ಎಂದರು.

"ಕರಸಿದರ ಬರ್ತಾರ್ರಿ. ನೀರು ಬರೂದಿಲ್ರಿ, ನಾವ ಹೋಗಬೇಕು," ಅಂದಳು ನರ್ಗೀಸ.

ಶುಕ್ರವಾರ ಬೆಳಿಗ್ಗೆ ಹೋದೆವು. ಮೇಡಂ, ನರ್ಗೀಸ, ಡ್ರೈವರ್, ನಾನು. ಹಿಂದಿನ ದಿನ ಮಳೆಯಾಗಿತ್ತು. ಅಂಡರ್‌ಪಾಸಿನ ಬಾಯಿಯಲ್ಲಿ ಕಂದು ನೀರು, ಅದರ ನಡುವೆ ಅರ್ಧ ಮುಳುಗಿದ ಮೂರು ಗಾಲಿಯ ಟಂಟಂ ಒಂದು. ಅದರ ಮಾಲೀಕ ದಂಡೆಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಕಾರು ನೋಡಿ ಏಳಲಿಲ್ಲ.

"ನೋಡ್ರಿ, ಗಾಡಿ ನಿಂತೈತಿ," ಅಂದ. ಅವನಿಗೆ ಏನೂ ಗೊತ್ತಿರಲಿಲ್ಲ, ಇದ್ದದ್ದನ್ನು ಹೇಳಿದ.

ಮೇಡಂ ನರ್ಗೀಸಳ ಮುಖ ನೋಡಿದರು. ನರ್ಗೀಸ ನೀರು ನೋಡುತ್ತಿದ್ದಳು.

ಮೇಲೆ ಗುರಪ್ಪ ಕುರಿ ದಾಟಿಸುತ್ತಿದ್ದ. ಮುಂದೆ ಗಂಟೆ ಕಟ್ಟಿದ ಹೋತ, ಹಿಂದೆ ಉಳಿದ ಕುರಿಗಳೆಲ್ಲ ಜಲ್ಲಿಕಲ್ಲಿನ ಮೇಲೆ ಕಾಲು ಜಾರುತ್ತ ಏರುತ್ತಿದ್ದವು. ರೇಣವ್ವ ಎರಡು ಹಳಿಗಳ ನಡುವೆ ನಿಂತು ಒಮ್ಮೆ ಬಾದಾಮಿ ಕಡೆ, ಒಮ್ಮೆ ಬಾಗಲಕೋಟೆ ಕಡೆ ನೋಡುತ್ತಿದ್ದಳು. ಕೊನೆಯ ಕುರಿ ಇಳಿಯುವ ತನಕ ನಾವು ಅಲ್ಲೇ ನಿಂತೆವು. ಸ್ವಲ್ಪ ಹೊತ್ತಿಗೆ ರೈಲು ಗಾಡಿ ಬಂತು, ಹೋಯಿತು. ಅದರ ಗಾಳಿಗೆ ಮೇಡಂ ಸೆರಗು ಹಾರಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಬೇಲಿಯ ಪಕ್ಕದ ಜಾಲಿ ಗಿಡದ ಕೆಳಗೆ ಕೂತೆವು. ನರ್ಗೀಸ ಸ್ಪಷ್ಟೀಕರಣ ಓದಿ, ನಮ್ಮ ಮಾತಿಗೆ ತಿರುಗಿಸಿ ಹೇಳಿದಳು. ಬೀರದಿನ್ನಿಯವರ ಮನವಿಯಲ್ಲಿ ಸ್ಪಷ್ಟತೆ ಇರದ ಕಾರಣ ಹಿಂದಿನ ಪತ್ರದಲ್ಲಿ ರೈಲು ನಿಲುಗಡೆ ಎಂದು ನಮೂದಾಗಿತ್ತು, ವಾಸ್ತವದಲ್ಲಿ ಅವರ ಬೇಡಿಕೆ ಅಂಡರ್‌ಪಾಸಿನ ನೀರಿನ ಕುರಿತಾಗಿದೆ. ಓದಿ ಮುಗಿಸಿ, ಖರೆ ಏನ್ರಿ ಎಂದು ಕೇಳಿದಳು.

ಗುರಪ್ಪ ಖರೆ ಅನ್ನಲು ಬಾಯಿ ತೆರೆದ. ದೊಡ್ಡವರು ಬಂದಿದ್ದಾರೆ, ಬಿಸಿಲು ಏರುತ್ತಿದೆ, ಕೆಲಸ ಆದರೆ ಸಾಕು ಎಂಬುದು ಅವನ ಮುಖದಲ್ಲಿತ್ತು. ರೇಣವ್ವ ಅವನ ತೊಡೆಯ ಮೇಲೆ ಕೈ ಇಟ್ಟಳು.

"ಖರೆ ಅಲ್ರಿ," ಅಂದಳು. "ನಮಗ ಹೇಳಾಕ ಬರಲಿಲ್ಲ ಅಂದಂಗ ಐತಿ ಇದು. ಇಂವಾ ಹೇಳಿದ್ದು ಬರೋಬ್ಬರಿ ಇತ್ತು. ನೀರಾಗ ಗಾಡಿ ನಿಂತಿದ್ದು ಈಗ ನೀವೂ ನೋಡೀರಿ. ಕೇಳಿದವರಿಗೆ ತಿಳೀಲಿಲ್ಲ."

ನರ್ಗೀಸ ರೇಣವ್ವನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ, ಮೇಡಂ ಪರವಾಗಿಯೂ ಸೇರಿಸಲಿಲ್ಲ. ಪತ್ರವನ್ನು ಮೇಡಂ ಮುಂದೆ ಇಟ್ಟು ಸುಮ್ಮನೆ ಕೂತಳು. ಅಪ್ಪನೂ ಹೀಗೆಯೇ ಕೂರುತ್ತಿದ್ದ. ಕಡೆಗೆ ಅವಳು ಹೇಳಿದ್ದು ಇಷ್ಟೇ: ತಪ್ಪಿಗೆ ಒಂದು ಹೆಸರು ಬೇಕಾದರೆ ತನ್ನ ಹೆಸರು ಬರೆಯಿರಿ, ಆ ಗೆರೆ ಬರೆದವಳು ತಾನೇ, ಕೆಲಸದಿಂದ ತೆಗೆದರೂ ಅಡ್ಡಿಯಿಲ್ಲ, ಹುನಗುಂದದ ಡಬ್ಬಿಯಂಗಡಿ ಇನ್ನೂ ಇದೆ.

ಮೇಡಂ ಪತ್ರವನ್ನು ತಾವೇ ಓದಿದರು. ಬಹುಶಃ ಮೊದಲ ಪತ್ರವನ್ನು ಹೀಗೆ ಓದಿರಲಿಲ್ಲ. ರೇಣವ್ವನ ಮೊಣಕೈ ನೋಡಿದರು. ಪೆನ್ನು ತೆಗೆದು ಮೇಲಿನ ಎರಡು ಸಾಲಿಗೆ ಅಡ್ಡಗೆರೆ ಎಳೆದರು. ಅದರ ಪಕ್ಕದಲ್ಲಿ ಕೈಬರಹದಲ್ಲಿ ಬರೆದು ಗಟ್ಟಿಯಾಗಿ ಓದಿದರು: ಬೀರದಿನ್ನಿಯವರು ಸರಿಯಾಗಿಯೇ ಹೇಳಿದ್ದರು. ಜುಲೈ ತಿಂಗಳಿನ ನನ್ನ ಪತ್ರ ತಪ್ಪು. ಅದನ್ನು ಹಿಂತೆಗೆದುಕೊಂಡಿದ್ದೇನೆ.

"ನಿನ್ನ ಹೆಸರ ಬ್ಯಾಡ," ಅಂದರು ನರ್ಗೀಸಳಿಗೆ. "ಓದಲಾರದ ಸಹಿ ಮಾಡಿದಾಕಿ ನಾ."

ಆಮೇಲೆ ರೇಣವ್ವನ ಕಡೆ ತಿರುಗಿ, ಈಗ ಹೆಂಗ್ರಿ ಎಂದು ಕೇಳಿದರು.

"ಈಗ ಖರೆ," ಅಂದಳು ರೇಣವ್ವ. ಗುರಪ್ಪನೂ ಅಂದ.

ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಸಹಿ ಹಾಕಿದರು. ನಾನು ಈ ಜಿಲ್ಲೆಯಲ್ಲಿ ಎಷ್ಟೋ ಜನಪ್ರತಿನಿಧಿಗಳ ಸಹಿ ತೆಗೆದುಕೊಂಡಿದ್ದೇನೆ. ಭರವಸೆಗೆ ಹಾಕಿದ್ದಾರೆ, ಶಿಫಾರಸಿಗೆ ಹಾಕಿದ್ದಾರೆ. ತಪ್ಪು ಎಂಬ ಶಬ್ದದ ಕೆಳಗೆ ಬಿದ್ದ ಸಹಿ ನಾನು ನೋಡಿದ್ದು ಅದೊಂದೇ. ಕಣ್ಣಲ್ಲಿ ನೀರು ಬಂತು ಎಂದೆಲ್ಲ ಬರೆಯುವುದಿಲ್ಲ, ಬರಲಿಲ್ಲ. ಹಸಿವೆಯಾಗಿತ್ತು. ರೇಣವ್ವ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು, ತಿಂದೆವು.

ಪತ್ರ ಹೊರಗೆ ಬಿದ್ದೇ ಬಿತ್ತು. ತಪ್ಪಿನ ಸಂಸದೆ ಎಂದು ಒಂದು ವಾರ ಫೋನುಗಳಲ್ಲಿ ಓಡಾಡಿತು. ಪುಸ್ತಿಕೆಯ ಆ ಅರ್ಧ ಪುಟವನ್ನು ಮೇಡಂ ತೆಗೆಸಿದರು. ಆ ಜಾಗ ಖಾಲಿಯೇ ಅಚ್ಚಾಯಿತು. ಆದರೆ ಕಡತ ತೆರೆಯಿತು. ಅಕ್ಟೋಬರಿನಲ್ಲಿ ಒಬ್ಬ ಎಂಜಿನಿಯರು ಬಂದು ನೋಡಿ ಹೋದ. ತಾತ್ಕಾಲಿಕಕ್ಕೆ ನೀರೆತ್ತುವ ಪಂಪು, ಕುರಿ ಮತ್ತು ಶಾಲೆಯ ಮಕ್ಕಳು ದಾಟುವ ಹೊತ್ತಿಗೆ ಹಳಿಯ ಹತ್ತಿರ ಬಾವುಟ ಹಿಡಿದ ಒಬ್ಬ ಮನುಷ್ಯ, ಇಷ್ಟು ಕೂಡಲೇ ಆಯಿತು. ಉಳಿದದ್ದಕ್ಕೆ ನರ್ಗೀಸ ವಾರಕ್ಕೊಮ್ಮೆ ಫೋನು ಮಾಡಿದಳು. ಎತ್ತದಿದ್ದರೆ ಮೇಡಂ ಕೈಯಿಂದ ಮಾಡಿಸಿದಳು. ಡಿಸೆಂಬರಿನಲ್ಲಿ ಅಂಡರ್‌ಪಾಸಿನ ತಳದಿಂದ ಹಳ್ಳದ ತನಕ ಕಾಲುವೆ ತೋಡಿದರು, ಒಂದು ಬದಿಗೆ ಎತ್ತರದ ಕಟ್ಟೆ ಕಟ್ಟಿದರು, ಕುರಿಗೂ ಮಕ್ಕಳಿಗೂ ಅಂತ.

ಇದಾದ ನಂತರದ ಸಭೆಗಳಲ್ಲಿ ಕಂಪ್ಯೂಟರಿನಲ್ಲಿ ನಾಲ್ಕನೆಯ ಖಾನೆಯೊಂದು ಸೇರಿದೆ. ಓದಿ ಹೇಳಿದ ಮೇಲೆ ಹೇಳಿದವರು ಖರೆ ಅಂದರೆ ಮಾತ್ರ ಅದನ್ನು ತುಂಬಬೇಕು. ಅದು ಖಾಲಿ ಇದ್ದರೆ ದಿಲ್ಲಿಯಲ್ಲಿ ವಿದ್ಯಾ ಪತ್ರ ಮಾಡುವುದಿಲ್ಲ. ಸಾಲು ಉದ್ದವಾಗಿದೆ, ಜನ ಬೈಯುತ್ತಾರೆ. ನರ್ಗೀಸಳಿಗೆ ಆ ಬೈಗುಳ ಹೊಸದಲ್ಲ.

ಜನವರಿಯಲ್ಲಿ ಕೆಲಸ ಮುಗಿದಿದೆ ಎಂದು ಎಂಜಿನಿಯರು ಕಾಗದ ತಂದ. ಸಂಸದೆ ಸಹಿ ಹಾಕಿದರೆ ಕಡತ ಮುಚ್ಚುತ್ತದೆ, ಬೇಕಾದರೆ ಒಂದು ಉದ್ಘಾಟನೆಯನ್ನೂ ಇಟ್ಟುಕೊಳ್ಳಬಹುದು ಎಂದ. ಕಾರ್ಯಕರ್ತರು ಟೇಪು ಕತ್ತರಿ ತರಲು ಸಿದ್ಧರಾದರು. ಮೇಡಂ ಕಾಗದವನ್ನು ನರ್ಗೀಸಳ ಮೇಜಿಗೆ ಕಳಿಸಿದರು. ಅವಳು ಗುರಪ್ಪನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟು, ಕಾಗದವನ್ನು ಪೂರ್ತಿ ಓದಿದಳು. ಕಾಲುವೆ ತೋಡಲಾಗಿದೆ, ಕಟ್ಟೆ ಕಟ್ಟಲಾಗಿದೆ, ನೀರಿನ ಸಮಸ್ಯೆ ಬಗೆಹರಿದಿದೆ. ಖರೆ ಏನ್ರಿ ಎಂದು ಕೇಳಿದಳು. ಆ ಕಡೆ ಕುರಿಗಳ ಸದ್ದು, ಹೋತದ ಗಂಟೆ.

"ಕಾಲುವಿ ತೋಡ್ಯಾರ, ಅದು ಖರೆ. ಕಟ್ಟಿ ಕಟ್ಯಾರ, ಅದೂ ಖರೆ," ಅಂದ ಗುರಪ್ಪ. "ನೀರಿಂದು ಈಗ ಹೆಂಗ ಹೇಳ್ಲಿರಿ? ಮಳಿ ಬರ್ಲಿ."

ಎಂಜಿನಿಯರು ಮೇಡಂ ಮುಖ ನೋಡಿದ. ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ನರ್ಗೀಸ ಮೊದಲ ಎರಡಕ್ಕೆ ಖರೆ ಎಂದು ತುಂಬಿ ಮೂರನೆಯದನ್ನು ಖಾಲಿ ಬಿಟ್ಟಳು. ಜೂನಿನ ತನಕ ಆ ಕಡತ ಅವಳ ಮೇಜಿನ ಮೇಲೆಯೇ ಇರುತ್ತದೆ. ಬಾಗಿಲಿಗೆ ಎದುರಾಗಿ ಇಟ್ಟಿದ್ದಾಳೆ, ಒಳಗೆ ಬರುವವರಿಗೆಲ್ಲ ಕಾಣುವ ಹಾಗೆ.